ಟವೆಲಿನ ಕೆಳಗೊಂದು ಫುಟ್‌ಬಾಲ್ ಚರಿತ್ರೆ

ಫುಟ್‌ಬಾಲಿನ ನಿಯಮಗಳು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆದರೂ ದೇಶದ ಯುವಕರ ತಂಡದ ಚರಿತ್ರೆಯನ್ನು ಯಾರಾದರೂ ಬರೆಯಲು ಹೊರಟರೆ, ಒಂದು ಪುಟವನ್ನಾದರೂ ನನ್ನನ್ನು ಕೇಳಿ ಬರೆಯಬೇಕೆಂಬ ಜಂಬ ನನಗಿದೆ. ನಾನು ಉದಗೀರದ ದನದ ಪೇಟೆಯ ದಲಾಲಿ. ದೇವಣಿ ಹೋರಿಯ ಬೆನ್ನು ಸವರಿ ಅದರ ಸ್ವಭಾವ ಹೇಳಬಲ್ಲೆ. ಆಟಗಾರರು ಬೆನ್ನು ಸವರಗೊಡುವುದಿಲ್ಲ, ಅದೊಂದೇ ತೊಂದರೆ.

ನಮ್ಮೂರಿಗೆ ಚೆಂಡು ತಂದವರು ನಿಜಾಮನ ಕಾಲದ ಸಿಪಾಯಿಗಳು. ಪೊಲೀಸ್ ಆಕ್ಷನ್ ಆಯಿತು, ಸಿಪಾಯಿಗಳು ಹೋದರು, ಗೋಲಿನ ಕಂಬಗಳು ಉಳಿದವು. ಬಿಟ್ಟುಹೋದ ಮಾಲನ್ನು ಪೇಟೆಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ನಮ್ಮ ಹುಡುಗರೂ ಬಿಡಲಿಲ್ಲ. ಸುಗ್ಗಿಯಲ್ಲಿ ಯಾವ ಊರಿಗೂ ಪೂರ್ತಿ ತಂಡ ಕೂಡುತ್ತಿರಲಿಲ್ಲವಾದ್ದರಿಂದ ನಿಲಂಗಾ, ಉಮರ್ಗಾದವರನ್ನೂ ಸೇರಿಸಿಕೊಂಡರು. ಕನ್ನಡದಲ್ಲಿ ಚೆಂಡು ಕೇಳಿ, ಮರಾಠಿಯಲ್ಲಿ ಬೈದು, ಉರ್ದುವಿನಲ್ಲಿ ಮಾಫಿ ಕೇಳುವ ತಂಡವೊಂದು ಹಾಗೆ ಹುಟ್ಟಿತು.

ಅದರಲ್ಲಿ ಮಾಳಪ್ಪನೆಂಬವನಿದ್ದ. ನಿಲಂಗಾ ಕಡೆಯ ಕುರಿಗಾರ ಅಮೋಗೆಪ್ಪನ ಮಗ. ದಾರಿ ತಪ್ಪಿದ ಕುರಿಯನ್ನು ಅಡ್ಡಗಟ್ಟಿ ಬೆಳೆದವನು. ಯಾವ ಕಡೆ ಹೊರಳುತ್ತಾನೆಂದು ಎದುರಿಗಿದ್ದವನಿಗೆ ತಿಳಿಯುತ್ತಲೇ ಇರಲಿಲ್ಲ. ದೇಶದ ಯುವಕರ ತಂಡಕ್ಕೆ ಹುಡುಗರನ್ನು ಆರಿಸುತ್ತಾರೆಂಬ ಸುದ್ದಿ ಬಂದಾಗ ಅವನಪ್ಪ ನನ್ನ ಕಟ್ಟೆಗೆ ಬಂದ.

“ಸಾವಕಾರ್ರೀ, ಈ ಸಲ ಹೆಸರ ಬರ್ಲಿಲ್ಲಂದ್ರ ಇಂವನ ಕೈಯಾಗ ಬಡಿಗಿ ಕೊಟ್ಟು ಕುರಿ ಹಿಂದ ಕಳಸ್ತೀನಿ. ಬೀರಪ್ಪನ ಆಣಿ. ಮುಂದ ಚೆಂಡಿನ ಸುದ್ದಿ ತೆಗೀಬಾರ್ದು.”

“ಆಯ್ತಪಾ, ನಾನೇ ಕರಕೊಂಡು ಹೋಗ್ತೀನಿ” ಎಂದೆ.

ಎಲ್ಲಿಗೆ? ಯಾರೂ ಕೇಳಲಿಲ್ಲ. ಕೋರ್ಟಿಗೆ, ಕನ್ನಡಕಕ್ಕೆ, ಮದುವೆಯ ಜವಳಿಗೆ ನಾವು ಹೋಗುತ್ತಿದ್ದದ್ದು ಹೈದರಾಬಾದಿಗೆ. ಅಲ್ಲಿಗೇ ಹೋದೆವು. ನಿಜಾಮನ ರಾಜ್ಯ ಒಡೆದು, ಬೀದರ ಮೈಸೂರು ರಾಜ್ಯಕ್ಕೂ ನಾವು ಮುಂಬಯಿ ರಾಜ್ಯಕ್ಕೂ ಹಂಚಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಸರಕಾರಕ್ಕೆ ಅದು ಗೊತ್ತಿತ್ತು, ನಮ್ಮ ಕಾಲುಗಳಿಗೆ ಗೊತ್ತಿರಲಿಲ್ಲ.

“ಉದಗೀರ್? ವೋ ತೋ ಬಂಬಯೀ ಮೇ ಗಯಾ ಮಿಯಾಂ” ಎಂದರು ಆರಿಸುವ ಸಾಹೇಬರು. ಮಾಳಪ್ಪನ ಮುಖ ಬಾಡಿತು.

“ನಡೀರಿ ಕಾಕಾ, ಹೋಗಾಮು. ಅಪ್ಪ ಬಡಿಗಿ ಹಿಡ್ಕೊಂಡೇ ಕುಂತಿರ್ತಾನ.”

ಪೇಟೆಗೆ ತಂದ ಹೋರಿಯನ್ನು ನಾಲ್ಕು ಹೆಜ್ಜೆ ನಡೆಸಿ ತೋರಿಸದೆ ಮನೆಗೆ ಹೊಡೆದುಕೊಂಡು ಹೋದ ದಲಾಲಿಯನ್ನು ನೀವು ನೋಡಿದ್ದೀರಾ? ನಾನೂ ನೋಡಿಲ್ಲ. “ಸಾಹೇಬ್ರೇ, ತಗೋಬ್ಯಾಡ್ರಿ. ಬರೇ ಆಡಿಸಿ ನೋಡ್ರಿ” ಎಂದು ನನ್ನ ಹರಕು ಉರ್ದುವಿನಲ್ಲಿ ಗೋಗರೆದೆ. ಅವರು ಒಳ್ಳೆಯವರು, ಆಡಿಸಿದರು. ನನಗೆ ಆಟ ತಿಳಿಯದು, ಆದರೆ ಗಿರಾಕಿಗಳ ಕುತ್ತಿಗೆ ತಿಳಿಯುತ್ತದೆ. ಮಾಳಪ್ಪನಿಗೆ ಚೆಂಡು ಸಿಕ್ಕಾಗಲೆಲ್ಲ ನೋಡುವವರ ಕುತ್ತಿಗೆಗಳು ಒಂದೇ ಕಡೆ ತಿರುಗುತ್ತಿದ್ದವು.

ಆಟ ಮುಗಿಯಿತು. ಹುಡುಗ ಅಪ್ಪಟ ಆಟಗಾರ, ಆದರೆ ಬೇರೆ ರಾಜ್ಯದವನನ್ನು ಆರಿಸಲು ಕಾಯದೆ ಬಿಡದು ಎಂದು ಸಾಹೇಬರು ಬೀಳ್ಕೊಡಲು ಕೈ ನೀಡಿದರು. ನಾನು ಕೈ ಹಿಡಿದೆ. ಹೆಗಲ ಟವೆಲು ತಾನಾಗಿ ಇಳಿದು ಇಬ್ಬರ ಕೈಗಳನ್ನೂ ಮುಚ್ಚಿತು. ಅದು ನಮ್ಮ ಪೇಟೆಯ ರೂಢಿ: ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ, ಟವೆಲಿನ ಕೆಳಗೆ ಬೆರಳು ಒತ್ತಿ ಹೇಳಬೇಕು. ಅಲ್ಲಿ ಆದ ಮಾತನ್ನು ಆ ಇಬ್ಬರು ಸಾಯುವತನಕ ಹೊರಗೆ ಬಿಡುವುದಿಲ್ಲ. ಪಾಪ, ಸಾಹೇಬರಿಗೆ ಇದೇನೂ ತಿಳಿಯದು. ಹಳ್ಳಿಯವರ ಮರ್ಯಾದೆ ಇರಬೇಕೆಂದು ನಗುತ್ತ ನಿಂತರು. ನಾನೂ ಕೈಯನ್ನು ತುಸು ಹೆಚ್ಚು ಹೊತ್ತೇ ಹಿಡಿದು, ತಲೆಯಾಡಿಸಿದೆ.

ಆಟ ನೋಡಲು ಬಂದವರಲ್ಲಿ ಸೊಲ್ಲಾಪುರದವರೊಬ್ಬರಿದ್ದರು. ಮುಂಬಯಿ ಕಡೆಯ ಹುಡುಗರನ್ನು ಆರಿಸುವವರು ಅವರೇ ಎಂದು ಆಮೇಲೆ ತಿಳಿಯಿತು. ಓಡಿಕೊಂಡೇ ಬಂದರು.

“ಏನ ಠರಾಯ್ಸಿದ್ರಿ ಸಾವಕಾರ್ರ, ಅವರಿಗೇ ಕೊಟ್ಟು ಬಿಟ್ರೇನು? ಪೋರ ನಮ್ಮ ರಾಜ್ಯದವ ಅಲ್ಲೇನು?”

“ನಿಮ್ಮವನೇ ಖರೆ. ನೀವು ಕೇಳಿದ್ದಿಲ್ಲಲ್ರೀ.”

“ಈಗ ಕೇಳ್ಲಿಕತ್ತೀನಿ! ಟವೆಲಿನಾಗ ಏನ ಮಾತಾತು?”

“ನೀವು ಸೊಲ್ಲಾಪುರದವರು, ಪೇಟೆ ಕಂಡವರು. ಅದನ್ನ ಕೇಳಬಾರ್ದ್ರೀ.”

ಅವತ್ತಿನ ಗಾಡಿಗೇ ಅವರು ಮಾಳಪ್ಪನನ್ನು ಕರೆದುಕೊಂಡು ಹೋದರು. ಆದ್ದರಿಂದ ನನ್ನ ಬುದ್ಧಿಮಾತು ಇಷ್ಟೇ: ಜೋಳ ಮಾರಿ, ಕನ್ಯೆ ತೋರಿಸಿ, ಏನೇ ಮಾಡಿ, ಒಬ್ಬನೇ ಗಿರಾಕಿಯ ಮುಂದೆ ನಿಲ್ಲಬೇಡಿ.

ಹೆಸರು ಬಂತು. ದೇಶದ ತಂಡದಲ್ಲಿ ಅವನು ಮೊದಲ ಆಟವನ್ನು ಬೆಂಚಿನ ಮೇಲೆ ಕುಳಿತು ನೋಡಿದ, ಮುಂದಿನದರಲ್ಲಿ ಆಡಿದ. ಅಷ್ಟರಲ್ಲಿ ನಾವು ಮಹಾರಾಷ್ಟ್ರವಾದೆವು. ಹುಡುಗನನ್ನು ಗುರುತಿಸಿದ್ದು ತಾವೆಂದು ಹೈದರಾಬಾದಿನವರು, ಬೆಳೆಸಿದ್ದು ತಾವೆಂದು ಈ ಕಡೆಯವರು ಈಗಲೂ ಜಗ್ಗಾಡುತ್ತಾರೆ. ಜಗ್ಗಾಡಲಿ, ಮಾಲು ಚೆನ್ನಾಗಿದ್ದರೇ ಅಲ್ಲವೆ ಜಗ್ಗಾಟ.

ಅಮೋಗೆಪ್ಪ ಮಾತ್ರ ಒಂದು ದಿನ ಕಂಬಳಿ ಹೊದ್ದು ಬಂದು ಕುಳಿತ. “ಖರೇ ಹೇಳ್ರಿ ಸಾವಕಾರ್ರೀ, ಅವತ್ತ ಟವೆಲಿನಾಗ ಏನಿತ್ತು?”

“ಏನೂ ಇರ್ಲಿಲ್ಲಪಾ. ಸಾಹೇಬ್ರು ಕೈ ಕೊಟ್ರು, ನಾ ಹಿಡದೆ.”

ಅವನು ಬಹಳ ಹೊತ್ತು ನಕ್ಕ. ಆಮೇಲೆ ನನ್ನ ಹೆಗಲಿನ ಟವೆಲನ್ನು ತಾನೇ ಎಳೆದು, ಅದರ ಕೆಳಗೆ ನನ್ನ ಕೈ ಹಿಡಿದ. ಸಾಹೇಬರ ಕೈ ಮುಚ್ಚಿದ ಟವೆಲಿನೊಳಗೆ ಏನೂ ಇರಲಿಲ್ಲವಾದ್ದರಿಂದ ನಿಮಗೆ ಹೇಳಿದೆ. ಅಮೋಗೆಪ್ಪನ ಬೆರಳು ಹೇಳಿದ್ದನ್ನು ಮಾತ್ರ ಕೇಳಬೇಡಿ. ಪೇಟೆಯ ರೂಢಿ ನಿಮಗೂ ಈಗ ಗೊತ್ತಾಗಿದೆಯಲ್ಲ.