ಯಜಮಾನ್ರ ಹೆಸರು

ನಾಗರಬಾವಿಯ ಸಣ್ಣ ನರ್ಸಿಂಗ್ ಹೋಮೊಂದರ ಕೌಂಟರಿನಲ್ಲಿ ಕೂರುವ ಪುಟ್ಟಲಕ್ಷ್ಮಿ ಆಂಟಿಯ ಗಂಟಲಿಗೆ ಮೈಕು ಬೇಕಿಲ್ಲ. ಅವರು ಟೋಕನ್ ಕೂಗಿದರೆ ಎದುರಿನ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತಿದ್ದವರೂ ಎದ್ದು ನಿಲ್ಲುತ್ತಾರೆ. ಬಂದವರನ್ನು ಮೊದಲು ಊರು ಕೇಳುತ್ತಾರೆ, ಆಮೇಲೆ ತಿಂಡಿ ಆಯ್ತಾ ಅಂತ, ಕೊನೆಗೆ ಕಾಯಿಲೆ. ಹೆಂಗಸರಾದರೆ, "ಯಜಮಾನ್ರ ಹೆಸರೇನಮ್ಮಾ?" ಎಂಬುದೂ ಮೊದಲೆಲ್ಲ ಅದೇ ಗಂಟಲಲ್ಲಿ ಬರುತ್ತಿತ್ತು, ಏಕೆಂದರೆ ಫಾರ್ಮಿನಲ್ಲಿ ಆ ಕಾಲಂ ಇದೆ. ಹದಿನೆಂಟು ತುಂಬಿದವಳು ಗರ್ಭ ತೆಗೆಸಿಕೊಳ್ಳಲು ಗಂಡನ ಒಪ್ಪಿಗೆ ಬೇಕಿಲ್ಲ ಎನ್ನುತ್ತದೆ ಕಾನೂನು. ಈ ಫಾರ್ಮು ಅಚ್ಚು ಹಾಕಿಸಿದ ಮಹಾನುಭಾವನಿಗೆ ಮಾತ್ರ ಬೇಕು. ಹೋದ ವರ್ಷ ಆ ಪ್ರಶ್ನೆ ಕೇಳಿದ ಕೂಡಲೇ, ಗರ್ಭ ತೆಗೆಸಲು ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಪೆನ್ನು ಇಟ್ಟು ಎದ್ದುಹೋದಳು. ಯಾರೋ ತಂದುಕೊಟ್ಟ ಮಾತ್ರೆ ನುಂಗಿ, ವಾರದ ಮೇಲೆ ರಕ್ತ ನಿಲ್ಲದೆ ಆಟೋದಲ್ಲಿ ವಾಪಸು ಬಂದಳು. ಬದುಕಿದಳು, ಅಷ್ಟೇ. ಅಂದಿನಿಂದ ಆ ಕಾಲಂ ಬಂದಾಗ ಮಾತ್ರ ಆಂಟಿಯ ದನಿ ತಗ್ಗುತ್ತದೆ. ಮೊನ್ನೆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವಳ ಪೆನ್ನೂ ಅಲ್ಲೇ ನಿಂತಿತು. "ಯಜಮಾನ್ರು ಅಂತ ಯಾರೂ ಇಲ್ಲ ಆಂಟಿ." ಆಂಟಿ ಮುಂದಕ್ಕೆ ಬಾಗಿ ಪಿಸುಗುಟ್ಟಿದರು: "ನಿನ್ ಮೈಗೆ ನೀನೇ ಅಲ್ವೇನೇ ಯಜಮಾನಿ? ನಿನ್ ಹೆಸರೇ ಬರಿ." ಅವಳು ಬರೆದಳು. ಎದ್ದುಹೋಗಲಿಲ್ಲ.