ಸಂಪರ್ಕ ಇಲ್ಲ ಕಣ್ರೀ

ಗೌರಿ ಹಬ್ಬಕ್ಕೆ ಮೊರದ ಬಾಗಿನ ಹಿಡಿದು ಅಜ್ಜಂಪುರದಲ್ಲಿ ಅಕ್ಕನ ಮನೆ ಮುಂದೆ ನಿಂತಿದ್ದೆ. ಅಕ್ಕ ಬಾಗಿಲಿಗೆ ಅಡ್ಡ ಕೈ ಇಟ್ಟು ಕೇಳಿದಳು.

"ರಿಪೋರ್ಟ್ ತಂದಿದೀಯೇನೋ?"

ಯಾವ ರಿಪೋರ್ಟ್ ಎಂದೆ. ಅವಳ ಉತ್ತರ ಆಮೇಲೆ ಹೇಳುತ್ತೇನೆ. ಮೊದಲು ನನ್ನ ಹೊಟ್ಟೆಯಲ್ಲಿರುವುದನ್ನು ಕಕ್ಕಿಬಿಡುತ್ತೇನೆ.

ಕೊರೊನಾದ ಎರಡನೇ ಅಲೆ ನೆನಪಿದೆಯಲ್ಲ? ರಸ್ತೆಗಿಳಿದರೆ ಲಾಠಿ. ತಾಲ್ಲೂಕು ದಾಟಲು ಕಾರಣ ಬೇಕು. ಅಕ್ಕನ ಕೈಯ ರೊಟ್ಟಿ ತಿನ್ನಬೇಕು ಅನ್ನುವುದು ಕಾರಣವಲ್ಲ. ರೈತರ ಟ್ರ್ಯಾಕ್ಟರ್ ಕೆಲಸ ಕಾರಣ. ನನ್ನದು ಕಡೂರಿನಲ್ಲಿ ಪಂಕ್ಚರ್ ಅಂಗಡಿ (ಏಳನೇ ಕ್ಲಾಸಿಗೇ ನನ್ನ ಓದಿನ ಗಾಳಿ ಹೋಗಿತ್ತು). ಟ್ರ್ಯಾಕ್ಟರ್ ಟ್ಯೂಬನ್ನು ಕೊರಳಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಚೆಕ್‌ಪೋಸ್ಟಿನಲ್ಲಿ ಹಣೆಗೆ ಮೀಟರ್ ಹಿಡಿದರು. ಜ್ವರ ತೋರಿಸಲಿಲ್ಲ. ಎಲ್ಲಿಂದ ತೋರಿಸುತ್ತದೆ? ಮಾತ್ರೆ ನುಂಗಿಯೇ ಹೊರಟಿದ್ದೆ.

ಹೌದು, ಜ್ವರ ನನಗಿತ್ತು. ಟೆಸ್ಟ್ ಮಾಡಿಸಿರಲಿಲ್ಲ. ಪಾಸಿಟಿವ್ ಬಂದರೆ ಮನೆಗೆ ತಗಡು ಹೊಡೆದು, ಅಂಗಡಿಗೆ ಬೀಗ ಜಡಿಯುತ್ತಿದ್ದರು. (ಅದೇ ವಾರ ದೊಡ್ಡವರೊಬ್ಬರ ಮದುವೆಗೆ ಕಾರುಗಳು ಸಾಲಾಗಿ ಹೋದವು. ಆ ಹಣೆಗಳಿಗೆ ಯಾರೂ ಮೀಟರ್ ಹಿಡಿಯಲಿಲ್ಲ.)

ರೊಟ್ಟಿ ತಿಂದು ಬಂದೆ. ಮೂರ್ನಾಲ್ಕು ದಿನಕ್ಕೆ ಅಕ್ಕ ಜ್ವರ ಹಿಡಿದು ಮಲಗಿದಳು. ತಾನೇ ಹೋಗಿ ಟೆಸ್ಟ್ ಮಾಡಿಸಿಕೊಂಡಳು. ಪಾಸಿಟಿವ್. ಆರೋಗ್ಯ ಇಲಾಖೆಯವರು ಅಂಗಳದಲ್ಲಿ ದೂರ ನಿಂತು, ಮನೆಗೆ ಯಾರು ಬಂದಿದ್ದರು ಎಂದು ವಿಚಾರಿಸಿದರಂತೆ. ನನ್ನ ತಮ್ಮ ಅಂದಳಂತೆ. ಅಲ್ಲಿಂದಲೇ ನನಗೆ ಫೋನ್ ಮಾಡಿದರು.

"ನಿಮಗೂ ಅವ್ರಿಗೂ ಸಂಪರ್ಕ ಇದ್ಯೇನ್ರೀ?"

"ಇಲ್ಲ ಕಣ್ರೀ. ಎಷ್ಟೋ ವರ್ಷದಿಂದ ಮಾತೇ ಇಲ್ಲ."

ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಯಾರದೆಂದು ತಕ್ಷಣ ಗೊತ್ತಾಯಿತು. ಫೋನ್ ಸ್ಪೀಕರಿಗೆ ಹಾಕಿದ್ದರು.

ನಿಜ ಹೇಳಿದ ಅಕ್ಕನನ್ನು ಆಂಬುಲೆನ್ಸಿನಲ್ಲಿ, ಕೊರೊನಾದವರನ್ನು ಇಡುತ್ತಿದ್ದ ತರೀಕೆರೆಯ ಹಾಸ್ಟೆಲಿಗೆ ಸಾಗಿಸಿದರು. ಸುಳ್ಳು ಹೇಳಿದ ನಾನು ಮಾರನೇ ದಿನ ಷಟರ್ ಎತ್ತಿದೆ. ಎಂಥ ನಿಯಮ ಸ್ವಾಮಿ ಇದು? ನಿಜ ಹೇಳಿದರೆ ನಿಮ್ಮ ಒಲೆ ಆರದಂತೆ ನೋಡಿಕೊಳ್ಳುತ್ತೇವೆ ಎಂದು ಒಬ್ಬರಾದರೂ ಅಂದರೇ? ತಗಡು ತೋರಿಸಿದರು. ತಗಡು ನೋಡಿದ ಮನುಷ್ಯ ಏನು ಹೇಳುತ್ತಾನೆ?

ನಿಯಮ ಬರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಆ ಮಾತು ಬಂದದ್ದು ನನ್ನ ಬಾಯಿಂದ. ಅದನ್ನು ಯಾವ ಸರ್ಕಾರದ ತಲೆಗೆ ಕಟ್ಟಲಿ?

ಅಕ್ಕ ಗುಣವಾಗಿ ಬಂದಳು. ದಿನಾ ಹಾಲು ಹಾಕಿಸಿಕೊಳ್ಳುತ್ತಿದ್ದ ಮನೆಗಳು ಅವಳ ಹಾಲು ಬೇಡ ಅಂದವು. ಬೀದಿಗೆ ಕಾಯಿಲೆ ತಂದವಳು ಅವಳೇ ಎಂದು ಮಾತಾಯಿತು. ಕೊನೆಗೆ ಎಮ್ಮೆ ಮಾರಿದಳು. ನಾನು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ವರ್ಷವರ್ಷವೂ ಬಾಗಿನವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾ ಬಂದೆ. ಈ ಸಲ ಧೈರ್ಯ ಮಾಡಿ ನಾನೇ ಹೋದೆ.

ಅಕ್ಕನ ಬೀದಿಯವರೇ, ನೀವು ಈ ಪೇಪರ್ ಓದುತ್ತೀರಿ, ಗೊತ್ತು. ನಿಮಗಾಗಿಯೇ ಬರೆಯುತ್ತಿದ್ದೇನೆ. ಕಾಯಿಲೆ ತಂದವನು ನಾನು. ಅಕ್ಕ ಅಲ್ಲ.

ಯಾವ ರಿಪೋರ್ಟ್ ಎಂದೆನಲ್ಲ, ಅದಕ್ಕೆ ಅಕ್ಕ ಹೇಳಿದ್ದು ಇಷ್ಟೇ.

"ನೀನು ನನ್ನ ತಮ್ಮ ಅನ್ನೋದಕ್ಕೆ ಕಣೋ."

ಬಾಗಿನ ತಗೊಂಡಳು. ಬಾಗಿಲು ಬಿಡಲಿಲ್ಲ.

ಆ ಟೆಸ್ಟನ್ನು ಯಾವ ಲ್ಯಾಬಿನಲ್ಲಿ ಮಾಡುತ್ತಾರೆ, ಸ್ವಾಮಿ?