ರಂಗೋಲಿ ನಿಲ್ಲಲೆಂದು ತಿಕ್ಕಿದ ನೆಲ

ಕೆಮ್ಮು ಶುರುವಾದದ್ದು ಮೆಣಸಿನಕಾಯಿ ಹುರಿಯುವಾಗ. ಹಾಗಾಗಿ ಮೊದಲು ಮೆಣಸಿನಕಾಯಿಯನ್ನೇ ಬೈದೆ. ಮರುದಿನ ಒಗ್ಗರಣೆಯನ್ನು ಬೈದೆ. ವಾರ ಕಳೆದ ಮೇಲೆ ಬಳ್ಳಾರಿಯ ಧೂಳನ್ನು ಬೈದೆ. ಈ ಊರಿನಲ್ಲಿ ಯಾರಿಗೆ ಏನೇ ಆಗಲಿ, ಧೂಳನ್ನು ಬೈಯುವ ಒಂದು ಸೌಕರ್ಯವಂತೂ ಇದೆ. ಕೆಮ್ಮು ಮಾತ್ರ ಯಾವ ಬೈಗುಳಕ್ಕೂ ಜಗ್ಗಲಿಲ್ಲ. ಒಣ ಕೆಮ್ಮು. ಕಫವಿಲ್ಲ, ಜ್ವರವಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು, ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಸವೆದಿರಬೇಕು ಅಂದುಕೊಂಡೆ.

ಒಂದು ಬೆಳಿಗ್ಗೆ ದೇವರ ಮುಂದೆ ಹಾಡು ಹೇಳುತ್ತಿದ್ದೆ. ಎರಡನೇ ನುಡಿ ಮುಗಿಸಲಿಕ್ಕೆ ಉಸಿರು ಸಾಲಲಿಲ್ಲ.

ಅವತ್ತು ಹೆದರಿದೆ.

ನಮ್ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇ ಆಯಿತು. ಎಕ್ಸ್‌ರೇ ನೋಡಿ ಸಿಟಿ ಸ್ಕ್ಯಾನ್ ಬರೆದರು. ಸ್ಕ್ಯಾನ್ ನೋಡಿದ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ನನ್ನ ಶಿಷ್ಯೆಯರ ಪೈಕಿ ಯಾರಾದರೂ ಆಗಿರಬಹುದಾಗಿದ್ದವಳು. ಫಿಲ್ಮನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ತಿರುಗಿಸಿ ನೋಡಿದಳು.

"ಅಮ್ಮಾ, ಗಣಿಯಲ್ಲಿ ಏನಾದ್ರೂ ಕೆಲಸ ಮಾಡಿದ್ರಾ?"

"ಇಲ್ಲವಾ, ನಾ ಸಾಲಿ ಟೀಚರ್."

"ಸಿಮೆಂಟ್ ಶೀಟ್ ಮಾಡೋ ಕಾರ್ಖಾನೆ? ಮನೆಯವರು?"

"ಅವರು ಕಚೇರಿಯೊಳಗ ಗುಮಾಸ್ತರಿದ್ರು. ಫೈಲ್ ಬಿಟ್ರ ಬ್ಯಾರೆ ಧೂಳು ಗೊತ್ತಿಲ್ಲ ಅವರಿಗೆ."

ನಾನು ನಕ್ಕೆ, ಅವಳು ನಗಲಿಲ್ಲ. ಕೆಮ್ಮು ಅಲರ್ಜಿಯದು, ಇನ್ಹೇಲರ್‌ಗೆ ಬಗ್ಗುತ್ತದೆ ಅಂದಳು. ಆದರೆ ಸ್ಕ್ಯಾನಿನಲ್ಲಿ ಬೇರೆಯದೊಂದು ಕಂಡಿತ್ತು. ಶ್ವಾಸಕೋಶದ ಹೊದಿಕೆಯ ಮೇಲೆ ಅಲ್ಲಲ್ಲಿ ಗಟ್ಟಿಯಾದ ಕಲೆಗಳು. ಪ್ಲ್ಯೂರಲ್ ಪ್ಲಾಕ್ ಅನ್ನುತ್ತಾರಂತೆ. ಕ್ಯಾನ್ಸರ್ ಅಲ್ಲ, ಮುಂದೆ ಆಗಿಯೇ ಆಗುತ್ತದೆ ಅಂತಲೂ ಇಲ್ಲ, ಆದರೆ ನಿಗಾ ಇಡಬೇಕು. ಹೆಚ್ಚಾಗಿ ಇವು ಕಾಣುವುದು ಆಸ್ಬೆಸ್ಟಾಸ್ ಎಂಬ ಖನಿಜದ ನಾರು ಉಸಿರಿನ ಜೊತೆ ಒಳಗೆ ಹೋದವರಲ್ಲಿ.

"ನಿಮ್ಮ ಮನೆ ಎಷ್ಟು ಹಳೇದು? ಮೇಲೆ ಶೀಟ್ ಇದೆಯಾ?"

"ಕಂಟೋನ್ಮೆಂಟಿನ ಹಳೇ ಮನಿ. ಮ್ಯಾಲ ಇಟ್ಟಂಗಿ ಗಾರಿಯ ಮದ್ರಾಸ್ ತಾರಸಿ. ಶೀಟಿಲ್ಲ."

"ನೆಲ?"

"ಟೈಲ್ಸ್. ನಮ್ಮ ಮಾವನವರು ಹಾಕಿಸಿದ್ದು."

"ಆ ಟೈಲ್ಸನ್ನ ಯಾವತ್ತಾದ್ರೂ ಒಡೆದಿದ್ರಾ? ಉಜ್ಜಿದ್ರಾ?"

ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ನನ್ನ ಚಿಂತೆಗೆ ಕುಗ್ಗಿ ಹೋಗಿದ್ದಾರೆ ಅಂದುಕೊಂಡು, ಪಾಪ ಅನ್ನಿಸಿ, ಅವರ ಕೈ ಮೇಲೆ ಕೈ ಇಟ್ಟೆ.

ಆ ನೆಲದ ಕಥೆ ಹೇಳಬೇಕು. ನಾನು ಮದುವೆಯಾಗಿ ಬರುವ ಮೊದಲೇ ನಡುಮನೆಯ ನೆಲ ಕುಸಿದು, ಮಾವನವರು ಮದರಾಸಿನಿಂದ ಲಾರಿಯಲ್ಲಿ ಟೈಲ್ಸ್ ತರಿಸಿದ್ದರಂತೆ. ಗೇಣಗಲದ ಚೌಕಗಳು, ಕಾಫಿ ಬಣ್ಣ, ಮಧ್ಯೆ ಹಾಲು ಚೆಲ್ಲಿದಂತೆ ಬಿಳಿ ಗೆರೆ. ಕೆಳಗೆ ಕಪ್ಪು ಅಂಟು. ಇಡೀ ಕಂಟೋನ್ಮೆಂಟಿನಲ್ಲಿ ಇಂಥ ನೆಲವಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನೆಲ ಚೆಂದವೇ. ಅದರದು ಒಂದೇ ದೋಷ, ರಂಗೋಲಿ ನಿಲ್ಲುತ್ತಿರಲಿಲ್ಲ. ಪುಡಿ ಜಾರುತ್ತಿತ್ತು. ಫ್ಯಾನ್ ಹಾಕಿದರೆ ಶಂಖ ಹೋಗಿ ಚಕ್ರದ ಮೇಲೆ ಬೀಳುತ್ತಿತ್ತು.

ನಮ್ಮ ಮನೆತನದಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ದೇವರ ಮನೆಯ ಮುಂದೆ ದಿನವೂ ರಂಗೋಲಿ ಹಾಕಬೇಕು. ಶಂಖ, ಚಕ್ರ, ಗದೆ, ಸಾಲು ಸಾಲು ಪದ್ಮ. ಅದಕ್ಕೆ ಅತ್ತೆಯವರು ಒಂದು ಉಪಾಯ ಕಂಡುಕೊಂಡಿದ್ದರು. ಆಷಾಢದ ಏಕಾದಶಿಗೆ ಮುಂಚೆ ದೇವರ ಮನೆಯ ಮುಂದಿನ ಟೈಲ್ಸನ್ನು ಮರಳು ಕಾಗದದಿಂದ ತಿಕ್ಕಿ ಹೊಳಪು ತೆಗೆಯುವುದು. ಆಮೇಲೆ ನಾಲ್ಕು ತಿಂಗಳು ವಾರಕ್ಕೊಮ್ಮೆ. ಒಣಗಿದ್ದಾಗಲೇ ತಿಕ್ಕಬೇಕು. ನೀರು ಹಾಕಿದರೆ ಪುಡಿ ಕೆಸರಾಗಿ ಸಂದಿಯಲ್ಲಿ ಕೂರುತ್ತದೆ. ತಿಕ್ಕಿದ ನೆಲದ ಮೇಲೆ ಎಳೆ ಎಳೆಯಾಗಿ ರಂಗೋಲಿ ನಿಲ್ಲುತ್ತಿತ್ತು. ಹೊಸ ಸೊಸೆಯಾಗಿ ಬಂದ ವರ್ಷವೇ ಆ ಕೆಲಸ ನನ್ನ ಕೈಗೆ ಬಂತು. ನನಗೆ ಅದರ ಬಗ್ಗೆ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಮೊಣಕಾಲೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ತಿಕ್ಕುತ್ತಿದ್ದೆ. ಬಿಸಿಲುಕೋಲಿನಲ್ಲಿ ಪುಡಿ ಏಳುವುದು ಕಾಣುತ್ತಿತ್ತು.

ಅತ್ತೆಯವರೂ ಕೊನೆಗಾಲದಲ್ಲಿ ಕೆಮ್ಮುತ್ತಿದ್ದರು. ವಯಸ್ಸಾಯಿತು ಅಂದೆವು.

ಆಸ್ಪತ್ರೆಯಿಂದ ಬಂದ ಮರುದಿನ ಸಿರುಗುಪ್ಪದ ಗುರುರಾಜನಿಗೆ ಫೋನ್ ಮಾಡಿದೆ. ನಮ್ಮನೆಯವರ ಅಕ್ಕನ ಮಗ, ಸಿವಿಲ್ ಎಂಜಿನಿಯರ್, ಅಲ್ಲಿಯ ಅಕ್ಕಿ ಗಿರಣಿಗಳಿಗೆ ನೆಲ, ಗೋದಾಮು ಕಟ್ಟಿಸುತ್ತಾನೆ. ಟೈಲ್ಸನ್ನು ಎಲ್ಲಿ ಪರೀಕ್ಷೆ ಮಾಡಿಸಬೇಕು ಎಂದು ಕೇಳಲಿಕ್ಕೆ ಮಾಡಿದ್ದು.

"ಈಗ್ಯಾಕ ಮಾಮಿ?" ಅಂದ. "ನೀವು ತಿಕ್ಕೋದು ಬಿಟ್ಟು ಎಷ್ಟ್ ವರ್ಷ ಆತು."

"ಬಿಟ್ಟೀನಿ ಅಂತ ಯಾರಂದ್ರು?"

ಅವನ ಧ್ವನಿ ಇಳಿಯಿತು. "ಬಚ್ಚಲದ ಪೈಪ್ ನೋಡ್ಲಿಕ್ಕೆ ಬಂದಿದ್ನಲ್ಲ, ಒಂಬತ್ತು ವರ್ಷ ಆತು. ಅವಾಗ್ಲೇ ಮಾಮಾಗ ಹೇಳಿದ್ದೆ. ಈ ಹಳೇ ಟೈಲ್ಸಿನೊಳಗ ಆಸ್ಬೆಸ್ಟಾಸ್ ಇರಬಹುದು, ಸುಮ್ನ ಇದ್ರ ಏನೂ ಮಾಡಂಗಿಲ್ಲ, ಒಡೀಬ್ಯಾಡ್ರಿ, ಒಣಗಿದ್ದನ್ನ ತಿಕ್ಕಬ್ಯಾಡ್ರಿ ಅಂತ. ಮಾಮಿಗೆ ನಾ ಹೇಳ್ತೀನಿ ಅಂದ್ರು."

ಒಂಬತ್ತು ವರ್ಷ.

ಫೋನ್ ಇಟ್ಟು ಅಲ್ಲೇ ಕೂತೆ. ಕೂತಲ್ಲಿಂದ ವರಾಂಡ ಕಾಣುತ್ತಿತ್ತು. ವರಾಂಡದಲ್ಲಿ ಇವರ ಬೆತ್ತದ ಕುರ್ಚಿ. ಆ ಕುರ್ಚಿ ಮೊದಲು ನಡುಮನೆಯಲ್ಲಿ, ನಾನು ರಂಗೋಲಿ ಹಾಕುವ ಜಾಗಕ್ಕೆ ನಾಲ್ಕು ಮಾರು ದೂರದಲ್ಲಿ ಇರುತ್ತಿತ್ತು. ನಾನು ತಿಕ್ಕುತ್ತಿದ್ದರೆ ಇವರು ಪೇಪರ್ ಓದಿ ಹೇಳುತ್ತಿದ್ದರು. ಒಂದು ವರ್ಷ ಇದ್ದಕ್ಕಿದ್ದಂತೆ ಹೊರಗೆ ಹೋಯಿತು. ಮೊಣಕಾಲು ನೋವು, ಹೊರಗೆ ಬಿಸಿಲು ಬೀಳುತ್ತದೆ ಅಂದಿದ್ದರು. ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮೊಣಕಾಲಿಗೆ ತಿಕ್ಕಿದ್ದೆ.

ಬೆರಳು ಮಡಿಚಿ ಲೆಕ್ಕ ಹಾಕಿದೆ. ಪೈಪ್ ರಿಪೇರಿಯಾದ ವರ್ಷವೇ.

ತಾವು ಎದ್ದು ಹೋಗಿದ್ದರು. ನನ್ನನ್ನು ಅಲ್ಲೇ ಬಿಟ್ಟಿದ್ದರು.

ಪೇಟೆಯಿಂದ ಬಂದವರನ್ನು ಬಾಗಿಲಲ್ಲೇ ಕೇಳಿದೆ. ಗುರುರಾಜ ಹೇಳಿದ್ದು ನಿಜವೇ ಎಂದು. ಕೈಯಲ್ಲಿದ್ದ ತರಕಾರಿ ಚೀಲವನ್ನು ಕೆಳಗಿಡಲೂ ಇಲ್ಲ ಅವರು.

"ಇರಬಹುದು ಅಂದಿದ್ದ ಅಷ್ಟ. ಅದ ಅಂತ ಹೇಳಿರಲಿಲ್ಲ."

"ನನಗ ಯಾಕ ಹೇಳಲಿಲ್ಲ?"

"ಅಪ್ಪ ಹಾಕಿಸಿದ ನೆಲ. ನೀ ಅಗದು ತಗಸು ಅಂತಿದ್ದಿ. ತಿಕ್ಕಬ್ಯಾಡ ಅಂತ ನಾ ಎರಡ್ ಮೂರು ಸಲ ಅಂದೀನಲ್ಲ."

ಅಂದಿದ್ದರು, ನೆನಪಿದೆ. 'ಯಾಕ ಅಷ್ಟು ತ್ರಾಸು ತಗೋತಿ, ಬಿಡು' ಅಂದಿದ್ದರು. ಎಷ್ಟು ಪ್ರೀತಿ ಎಂದು ನಾನು ಇನ್ನಷ್ಟು ಹುರುಪಿನಿಂದ ತಿಕ್ಕಿದ್ದೆ.

"ಇರಬಹುದು ಅಂತಷ್ಟ ಇದ್ರ, ನಿಮ್ಮ ಕುರ್ಚಿ ಯಾಕ ಹೊರಗ ಹೋತು?"

ಇವರು ಚೀಲ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ತರಕಾರಿಯನ್ನು ಒಂದೊಂದಾಗಿ ಬುಟ್ಟಿಗೆ ಜೋಡಿಸತೊಡಗಿದರು. ನಲವತ್ತು ವರ್ಷದ ಸಂಸಾರದಲ್ಲಿ ಇವರು ತರಕಾರಿ ಜೋಡಿಸಿದ್ದು ಅದೇ ಮೊದಲು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಮೋಸ ಹೋದವರಿಗೆ ಯಾಕೆ ನಾಚಿಕೆಯಾಗುತ್ತದೋ ಗೊತ್ತಿಲ್ಲ, ಆಗುತ್ತದೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಕುರ್ಚಿ ನಡುಮನೆಗೆ ಬಂದಿತ್ತು. ಇವರು ಅದರಲ್ಲಿ, ದೇವರ ಮನೆಗೆ ಎದುರಾಗಿ, ಪೇಪರಿಲ್ಲದೆ ಕೂತಿದ್ದರು. ಪ್ರಾಯಶ್ಚಿತ್ತ! ನನಗೆ ಮೈ ಉರಿದು ಹೋಯಿತು.

"ಏಳ್ರಿ ಮೊದಲು. ನಿಮ್ಮ ಎದಿಯೊಳಗೂ ಕಲಿ ಬಿದ್ರ ನನ್ನವು ಅಳಿಸಿ ಹೋಗ್ತಾವೇನು? ನಾಳೆ ನಿಮ್ಮ ಸ್ಕ್ಯಾನಿಗೆ ನಾ ಓಡಾಡಬೇಕು, ಅಷ್ಟ."

ಕುರ್ಚಿಯನ್ನು ನಾನೇ ಎಳೆದುಕೊಂಡು ಹೋಗಿ ಹೊರಗೆ ಹಾಕಿದೆ. ಆ ಶ್ರಮಕ್ಕೆ ಕೆಮ್ಮು ಬಂತು. ಇವರು ನೀರು ತಂದುಕೊಟ್ಟರು. ಕುಡಿದೆ. ಬೇಡ ಅನ್ನುವಷ್ಟು ಉಸಿರು ಇರಲಿಲ್ಲ.

ಗುರುರಾಜ ಸಿರುಗುಪ್ಪದಿಂದ ತಾನೇ ಬಂದ. ಮಾಸ್ಕ್ ಹಾಕಿಕೊಂಡು, ಮೂಲೆಯಲ್ಲಿ ಮೊದಲೇ ಬಿರಿದಿದ್ದ ಟೈಲ್ಸಿನ ಚೂರನ್ನು ನೀರಿನಲ್ಲಿ ನೆನೆಸಿ ಎತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಬೆಂಗಳೂರಿನ ಲ್ಯಾಬಿಗೆ ಕಳಿಸಿದ. ವರದಿ ಬರುವವರೆಗೆ ನಡುಮನೆಗೆ ಬೀಗ. ದೇವರು ಅಡುಗೆಮನೆಗೆ ಬಂದರು.

ವರದಿ ಬಂತು. ಇದೆ.

ಡಾಕ್ಟರ್ ಹುಡುಗಿ ನೇರವಾಗಿ ಹೇಳಿದಳು. ಈ ಕಲೆಗಳು ಆ ನೆಲದಿಂದಲೇ ಬಂದವು ಎಂದು ಪ್ರಮಾಣ ಮಾಡಿ ಹೇಳಲಾಗುವುದಿಲ್ಲ. ಆದರೆ ಅಷ್ಟು ವರ್ಷ ಒಣ ನೆಲ ತಿಕ್ಕಿದ ಮೇಲೆ ಬೇರೆ ಕಾರಣ ಹುಡುಕುವ ಅಗತ್ಯ ತನಗಂತೂ ಕಾಣುವುದಿಲ್ಲ. ಕೊನೆಯ ಒಂಬತ್ತು ವರ್ಷ ತಿಕ್ಕದೆ ಇದ್ದಿದ್ದರೆ ಈ ಕಲೆಗಳು ಇರುತ್ತಿರಲಿಲ್ಲವೇ ಎಂದು ಕೇಳಿದೆ. ಹಾಗಲ್ಲ, ಇವು ಬಹಳ ಹಿಂದಿನ ಧೂಳಿನವೇ ಇರಬಹುದು, ಆದರೆ ಒಳಗೆ ಹೋಗುವುದು ಕಡಿಮೆಯಾದಷ್ಟೂ ಒಳ್ಳೆಯದಿತ್ತು ಅಂದಳು. ಆ ಒಂಬತ್ತು ವರ್ಷದ್ದು ನನ್ನ ಎದೆಯಲ್ಲಿ ಎಷ್ಟಿದೆ ಎಂದು ಯಾವ ಸ್ಕ್ಯಾನೂ ತೋರಿಸುವುದಿಲ್ಲ. ನಾನು ದಿನಾ ರಾಮನಾಮದ ಹಾಗೆ ಅದನ್ನೇ ಎಣಿಸುತ್ತಿದ್ದೆ.

ಇಷ್ಟರ ಮಧ್ಯೆ ಈರಮ್ಮ ರಜೆಯಲ್ಲಿದ್ದಳು. ರೂಪನಗುಡಿಯಿಂದ ಬಸ್ಸಿಗೆ ಬಂದು ನಮ್ಮ ಮನೆಗೆಲಸ ಮಾಡಿ ಹೋಗುವವಳು. ಮನೆ ರಿಪೇರಿ ಇದೆ, ಆಮೇಲೆ ಹೇಳಿ ಕಳಿಸುತ್ತೇನೆ ಎಂದಿದ್ದೆ. ನಾನು ತಿಕ್ಕಿದ ಪುಡಿಯನ್ನು ಎರಡು ದಶಕ ಗುಡಿಸಿದವಳು ಅವಳು. ಅವಳಿಗೆ ಹೇಳಬೇಕು ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು. ವರದಿ ಬರಲಿ ಅಂದುಕೊಳ್ಳುತ್ತಿದ್ದೆ. ವರದಿ ಬಂದ ಮೇಲೆ, ಅವಳ ಮಗಳ ಹೆರಿಗೆ ಮುಗಿಯಲಿ, ಪಾಪ ಯಾಕೆ ಹೆದರಿಸುವುದು ಅಂದುಕೊಂಡೆ. ಅವಳು ಕೆಲಸ ಬಿಟ್ಟುಬಿಟ್ಟರೆ ಎಂಬ ಚಿಂತೆಯೂ ಇತ್ತು. ಅದೂ ಇತ್ತು.

ಒಂದು ಮಧ್ಯಾಹ್ನ ಇವರು ಊಟಕ್ಕೆ ಕೂತವರು ತಲೆ ಎತ್ತದೆ ಕೇಳಿದರು. "ಈರಮ್ಮಗ ಹೇಳಿದ್ಯಾ?"

"ನೀವು ಕೇಳ್ತೀರಿ ಇದನ್ನ? ನೀವು?"

"ನಾ ಅಲ್ದ ಯಾರು ಕೇಳಬೇಕು? ಹೇಳಲಿಲ್ಲಂದ್ರ ಹೆಂಗ ಆಗ್ತದ ಅಂತ ನನಗ ಗೊತ್ತದ. ಮೊದಲ ದಿನ ಹೇಳಲಿಲ್ಲ. ಎರಡನೇ ದಿನ, ನಿನ್ನೆ ಯಾಕ ಹೇಳಲಿಲ್ಲ ಅಂತ ಕೇಳ್ತಾಳ ಅನ್ನಿಸ್ತು. ಆಮೇಲೆ ದಿನಾ ಒಂದೊಂದು ದಿನ ಕೂಡ್ತಾ ಹೋತು."

ಲೆಕ್ಕ ಹಾಕಿದರೆ ನನ್ನದು ಐದು ವಾರವಾಗಿತ್ತು. ಐದು ವಾರ ಹೇಗಾಗುತ್ತದೋ ಒಂಬತ್ತು ವರ್ಷವೂ ಹಾಗೇ ಆಗುತ್ತದೆ ಎಂದು ಅವತ್ತು ಅರ್ಥವಾಯಿತು. ಅರ್ಥವಾದ ಕೂಡಲೇ ಸಿಟ್ಟು ಇಳಿಯಬೇಕೆಂದೇನಿಲ್ಲ. ಇಳಿಯಲಿಲ್ಲ.

ಮರುದಿನ ಈರಮ್ಮನನ್ನು ಕರೆಸಿ ವರಾಂಡದಲ್ಲಿ ಕೂಡಿಸಿ ಎಲ್ಲ ಹೇಳಿದೆ. ನಾನು ಐದು ವಾರ ತಡ ಮಾಡಿದ್ದನ್ನೂ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಆಮೇಲೆ ಒಂದೇ ಪ್ರಶ್ನೆ.

"ಸಾಹೇಬ್ರಿಗೆ ಮೊದ್ಲ ಗೊತ್ತಿತ್ತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ನಿಂತಿದ್ದ ಇವರು ಹೇಳಿದರು. "ಗೊತ್ತಿತ್ತವ್ವಾ. ಒಂಬತ್ತು ವರ್ಷದಿಂದ."

"ಅಮ್ಮಾರಿಗೆ ಹೇಳಾಕ ಅಂಜಿಕಿ ಇತ್ತಂದ್ರ, ನನಗರ ಹೇಳಬೇಕಿಲ್ಲೇನ್ರಿ? ನಾ ಆ ತಿಕ್ಕೋ ಕಾಗದಾನ ಒಲಿಗೆ ಹಾಕ್ತಿದ್ನಿ!" ಅಂದಳು ಈರಮ್ಮ. ಧ್ವನಿ ಏರಿತ್ತು. ಈ ಮನೆಯಲ್ಲಿ ಇವರ ಎದುರು ಯಾರೂ ಹಾಗೆ ಮಾತಾಡಿದ್ದಿಲ್ಲ. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನನಗೆ ಸಮಾಧಾನವಾಯಿತು, ಹೌದು.

ಅದೇ ವಾರ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇಯಲ್ಲಿ ಈಗ ಏನೂ ಕಾಣುತ್ತಿಲ್ಲ ಅಂದರು. ಈಗ ಎಂಬ ಮಾತನ್ನು ಇಬ್ಬರೂ ಕೇಳಿಸಿಕೊಂಡೆವು. ಬಸ್‌ಸ್ಟ್ಯಾಂಡಿನವರೆಗೆ ಅವಳು ಎಕ್ಸ್‌ರೇ ಲಕೋಟೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ನಡೆದಳು. ಬಸ್ ಹತ್ತುವಾಗ, "ಸೋಮವಾರ ಬರ್ತೀನ್ರಿ" ಅಂದಳು. ಆಗ ಅತ್ತುಬಿಟ್ಟೆ.

ನೆಲವನ್ನು ಅಗೆಯಲಿಲ್ಲ. ಅಗೆದರೆ ಇನ್ನಷ್ಟು ಪುಡಿ, ಮುಚ್ಚುವುದೇ ಮೇಲು ಎಂದು ಗುರುರಾಜ ಹೇಳಿ, ಕುರುಗೋಡಿನಿಂದ ಹುಸೇನಪ್ಪ ಎಂಬ ಮೇಸ್ತ್ರಿಯನ್ನು ಕರೆಸಿದ. ಹಳೇ ಟೈಲ್ಸನ್ನು ಕದಲಿಸದೆ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಗಾರೆ ಹಾಕಿ, ಕಡಪಾ ಕಲ್ಲು ಹೊದಿಸಿದರು. ನೆಲ ಏರಿ ಹೊಸ್ತಿಲು ಎರಡು ಬೆರಳು ಕುಳ್ಳಾಯಿತು. ಕಲ್ಲಿಗೆ ಪಾಲಿಶ್ ಹೊಡೆಯಲೇನ್ರಿ ಎಂದು ಹುಸೇನಪ್ಪ ಕೇಳಿದ.

"ಬ್ಯಾಡಪಾ. ಒರಟಾಗೇ ಇರಲಿ."

"ಹೊಳಪು ಇದ್ರ ಮನಿಗೊಂದು ಕಳಿ ಐತ್ರಿ."

"ಇಷ್ಟು ದಿನ ಇತ್ತಲ್ಲ, ಸಾಕು."

ಈಗ ಆರು ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಹೋಗಬೇಕು. ಇವರು ಜೊತೆಗೆ ಬರುತ್ತಾರೆ. ಆದರೆ ನನ್ನ ವರದಿ ಮೊದಲು ನನ್ನ ಕೈಗೆ, ಡಾಕ್ಟರ್ ಹೇಳಿದ್ದು ಮೊದಲು ನನ್ನ ಕಿವಿಗೆ. ಇದನ್ನು ಆಸ್ಪತ್ರೆಯ ಕೌಂಟರಿನಲ್ಲಿ ಎಲ್ಲರ ಮುಂದೆ ಹೇಳಿದ್ದೇನೆ. ಇನ್ಹೇಲರಿನಿಂದ ಕೆಮ್ಮು ಹೋಗಿದೆ. ಕೆಮ್ಮಿನ ದೆಸೆಯಿಂದ ಗೊತ್ತಾದದ್ದು ಉಳಿದಿದೆ. ಒಮ್ಮೊಮ್ಮೆ ಆ ಕೆಮ್ಮಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಅದು ಬಾರದಿದ್ದರೆ ಈ ಆಷಾಢಕ್ಕೂ ನಾನು ಮರಳು ಕಾಗದ ಹಿಡಿದು ಕೂರುತ್ತಿದ್ದೆ.

ಆಷಾಢ ಬಂತು. ಏಕಾದಶಿಯ ಬೆಳಿಗ್ಗೆ ಕಪ್ಪು ಕಲ್ಲಿನ ಮೇಲೆ ಮೊದಲ ಶಂಖ ಬರೆದೆ. ಏನನ್ನೂ ತಿಕ್ಕಲಿಲ್ಲ. ರಂಗೋಲಿ ನಿಂತಿತು. ಬರೆದು ಮುಗಿಸಿ ಹಾಡು ಶುರು ಮಾಡಿದೆ. ವರಾಂಡದಲ್ಲಿ ಇವರ ಪೇಪರಿನ ಹಾಳೆ ಮಗುಚುವ ಸದ್ದು ನಿಂತಿತು. ನನ್ನ ಎರಡನೇ ನುಡಿ ಮುಗಿಯುವವರೆಗೂ ಮತ್ತೆ ಕೇಳಿಸಲಿಲ್ಲ.

ಮೂರನೇ ನುಡಿಗೆ ಮೊದಲು ಕರೆದೆ. "ಒಳಗ ಬರ್ರಿ."

ಬಾಗಿಲಿಗೆ ಕುರ್ಚಿ ಹಿಡಿದುಕೊಂಡೇ ಬಂದರು.

"ಕುರ್ಚಿ ಅಲ್ಲೇ ಬಿಡ್ರಿ. ನೆಲದ ಮ್ಯಾಲ ಕೂಡ್ರಿ, ನನ್ನ ಹಂಗ."

ಮೊಣಕಾಲು ಈಗ ನಿಜವಾಗಿಯೂ ನೋಯುತ್ತದೋ ಏನೋ, ಗೋಡೆ ಹಿಡಿದು ಮೆಲ್ಲಗೆ ಕೂತರು. ಕೂರುವವರೆಗೆ ಕಾದೆ. ಆಮೇಲೆ ಮೂರನೇ ನುಡಿ ಎತ್ತಿಕೊಂಡೆ.